ನೊಗದ ಗಂಟು ಮತ್ತು ಮಿಯಾಟಾದ ಹಿಂದಿನ ಚಕ್ರಗಳು

"ಜಾರುವ ಚಕ್ರಕ್ಕೇ ಇಂಜಿನ್ನಿನ ಬಲವೆಲ್ಲ ಹೋಗಿಬಿಡುತ್ತದೆ, ಅದನ್ನು ತಡೆಯೋಕೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬೇಕು." ಕಾರಿನ ಹುಚ್ಚಿರುವವರು ಸೇರಿದ ಕಡೆಯೆಲ್ಲ ಈ ಮಾತು ಕೇಳುತ್ತೀರಿ. ಇದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ಡಿಫರೆನ್ಷಿಯಲ್‌ನ ಸೊಗಸೆಲ್ಲ ಆ ತಪ್ಪಾದ ಅರ್ಧದಲ್ಲೇ ಅಡಗಿದೆ. ಡಿಫರೆನ್ಷಿಯಲ್ ಅಂದರೆ ಇಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೆ ಹಂಚುತ್ತಲೇ ಅವು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಗೇರುಗಳ ಜೋಡಣೆ. ಆ ವೇಗದ ವ್ಯತ್ಯಾಸಕ್ಕೆ ಕಡಿವಾಣ ಹಾಕುವುದು ಲಿಮಿಟೆಡ್ ಸ್ಲಿಪ್ ಮಾದರಿ.

ಮಾತಾಡೋಕೆ ಒಂದು ಕಾರು ಬೇಕು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5, ಅಂದರೆ ಮಿಯಾಟಾ, ತೆಗೆದುಕೊಳ್ಳೋಣ. ಎರಡೇ ಸೀಟು, ಒಂದು ಟನ್ನಿಗಿಂತ ಕಡಿಮೆ ತೂಕ, ಇಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಮೊದಲು ಬಂದ 1.6 ಲೀಟರ್ ಕಾರುಗಳ ಡಿಫರೆನ್ಷಿಯಲ್ ತೆಗೆದು, ಆಮೇಲೆ ಬಂದ 1.8 ಲೀಟರ್ ಕಾರಿನ ಟಾರ್ಸೆನ್ (ಒಂದು ಬಗೆಯ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಕೂರಿಸುವುದು ಮಿಯಾಟಾ ಇಟ್ಟುಕೊಂಡವರಲ್ಲಿ ಬಹಳ ಹಳೆಯ ರೂಢಿ.

ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಅದು ಎಲ್ಲರಿಗೂ ಗೊತ್ತು. ಎಷ್ಟು ಜಾಸ್ತಿ ಅನ್ನೋದು ಮಾತ್ರ ನನಗೆ ಇವತ್ತಿಗೂ ಬೆರಗು. ಮಿಯಾಟಾದ ಹಿಂದಿನ ಎರಡು ಚಕ್ರಗಳ ನಡುವೆ ಸುಮಾರು 1.42 ಮೀಟರ್ ಅಂತರ. ಕಾರು 90 ಡಿಗ್ರಿ ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ಉರುಳುತ್ತದೆ. ತಿರುವು ಬಿಗಿಯಾಗಿರಲಿ, ವಿಶಾಲವಾಗಿರಲಿ, ಲೆಕ್ಕ ಅಷ್ಟೇ! ಇಬ್ಬರು ಅಷ್ಟೇ ಅಂತರ ಬಿಟ್ಟು ಜೊತೆಜೊತೆಯಾಗಿ ಗುಡಿ ಸುತ್ತಿದರೆ, ಹೊರಗಿನವರು ಒಂದು ಪ್ರದಕ್ಷಿಣೆಗೆ ಸುಮಾರು 9 ಮೀಟರ್ ಜಾಸ್ತಿ ನಡೆಯುತ್ತಾರೆ. ಗುಡಿ ಚಿಕ್ಕದೋ ದೊಡ್ಡದೋ, ಅದು ಮುಖ್ಯವೇ ಅಲ್ಲ.

ಎತ್ತಿನ ಗಾಡಿಗೆ ಈ ತಲೆನೋವಿರಲಿಲ್ಲ. ಅಚ್ಚಿನ ಮೇಲೆ ಎರಡು ಗಾಲಿಗಳೂ ತಮ್ಮ ಪಾಡಿಗೆ ತಿರುಗುತ್ತವೆ, ಎಳೆಯುವುದು ಎತ್ತು. ಗಾಲಿಯೇ ಗಾಡಿಯನ್ನು ತಳ್ಳಬೇಕು ಅಂದಾಗ ತೊಂದರೆ ಶುರುವಾಯಿತು. 1827ರಲ್ಲಿ ಒನೆಸಿಫೋರ್ ಪೆಕ್ಯೋರ್ ಎಂಬ ಫ್ರೆಂಚ್ ಗಡಿಯಾರ ತಯಾರಕ ಉಗಿ ಬಂಡಿಯೊಂದಕ್ಕಾಗಿ ಡಿಫರೆನ್ಷಿಯಲ್‌ಗೆ ಪೇಟೆಂಟ್ ಪಡೆದ. ಪೆಟ್ರೋಲ್ ಕಾರು ಹುಟ್ಟುವುದಕ್ಕೆ ಐವತ್ತು ವರ್ಷಕ್ಕೂ ಮುಂಚೆ ಅದಕ್ಕೆ ಬೇಕಾದ ಗೇರು ಸಿದ್ಧವಾಗಿತ್ತು.

ಸಾಮಾನ್ಯ ಡಿಫರೆನ್ಷಿಯಲ್, ಅಂದರೆ ಓಪನ್ ಡಿಫರೆನ್ಷಿಯಲ್, ಮಾಡುವ ಕೆಲಸ ಒಂದೇ. ಎರಡು ಚಕ್ರಕ್ಕೂ ಯಾವಾಗಲೂ ಸಮವಾಗಿ ತಿರುಗಿಸುವ ಬಲ ಕೊಡುತ್ತದೆ. ಇದನ್ನು ನೊಗದಲ್ಲಿ ನೋಡಿ. ನೊಗವನ್ನು ಸರಿಯಾಗಿ ನಡುವೆ ಕಟ್ಟಿದ್ದೀರಿ, ಗಂಟಿನ ಸುತ್ತ ಅದು ಸಲೀಸಾಗಿ ಹೊರಳುತ್ತದೆ ಅಂದುಕೊಳ್ಳಿ. ಎಡಗಡೆಯ ಎತ್ತಿನ ಕಾಲು ಕೆಸರಿನಲ್ಲಿ ಜಾರಿತು. ಬಲಗಡೆಯ ಎತ್ತು ಎಷ್ಟೇ ಗಟ್ಟಿಯಾಗಿರಲಿ, ಅದು ಜೋರಾಗಿ ಎಳೆದರೆ ನೊಗ ಹೊರಳುತ್ತದೆ ಹೊರತು ಗಾಡಿ ಮುಂದೆ ಬರುವುದಿಲ್ಲ. ಸೋತ ಎತ್ತು ಎಷ್ಟು ಎಳೆಯಬಲ್ಲದೋ, ಗಟ್ಟಿ ಎತ್ತಿನಿಂದಲೂ ಸಿಗುವುದು ಅಷ್ಟೇ. ತಕ್ಕಡಿಯೂ ಹೀಗೇ ಅಲ್ವಾ? ಒಂದು ತಟ್ಟೆ ಖಾಲಿ ಇದ್ದರೆ ಇನ್ನೊಂದು ತಟ್ಟೆಯಲ್ಲಿ ಏನನ್ನೂ ಎತ್ತಿ ನಿಲ್ಲಿಸೋಕೆ ಆಗುವುದಿಲ್ಲ.

ಹಾಗಾಗಿ ಜಾರುವ ಚಕ್ರ ಬಲವನ್ನು ಕದಿಯುತ್ತಿಲ್ಲ. ಪವರ್ ಲೆಕ್ಕ ಹಾಕಿದರೆ ಅದೆಲ್ಲ ಗಿರಗಿರ ತಿರುಗುವ ಚಕ್ರದಲ್ಲೇ ವ್ಯರ್ಥವಾಗುತ್ತದೆ, ನಿಜ. ಆದರೆ ಕಾರನ್ನು ಮುಂದೆ ತಳ್ಳುವುದು ಟಾರ್ಕ್, ಅಂದರೆ ತಿರುಗಿಸುವ ಬಲ, ಅದು ಎರಡೂ ಕಡೆ ಸಮ. ಎರಡೂ ಕಡೆ ಅಷ್ಟೇ ಕಡಿಮೆ.

1930ರ ದಶಕದಲ್ಲಿ ಆಟೋ ಯೂನಿಯನ್ ರೇಸ್ ಕಾರುಗಳು ಈ ಕಾಟ ಚೆನ್ನಾಗಿ ಅನುಭವಿಸಿದವು. ಚಾಲಕನ ಬೆನ್ನ ಹಿಂದೆ 16 ಸಿಲಿಂಡರ್ ಇಂಜಿನ್. ವೇಗ ಗಂಟೆಗೆ 160 ಕಿಲೋಮೀಟರ್ ಮುಟ್ಟುವವರೆಗೂ ಒಂದು ಚಕ್ರ ಸುಮ್ನೆ ಸುತ್ತುತ್ತಿತ್ತಂತೆ. ಕಾರಿನ ವಿನ್ಯಾಸಕ ಫರ್ಡಿನಾಂಡ್ ಪೋರ್ಷೆ 1935ರಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿಯಿಂದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮಾಡಿಸಿಕೊಂಡ. ಟಾರ್ಸೆನ್ ಬಂದದ್ದು ಆಮೇಲೆ. ಅಮೆರಿಕದ ವರ್ನನ್ ಗ್ಲೀಸ್‌ಮನ್ ಅದಕ್ಕೆ 1958ರಲ್ಲಿ ಪೇಟೆಂಟ್ ಪಡೆದ. ನನ್ನ ಮಟ್ಟಿಗೆ ಕಾರಿನೊಳಗಿನ ಅತಿ ಚಂದದ ಯಂತ್ರ ಅಂದರೆ ಇದೇ.

ಇದರಲ್ಲಿ ಕ್ಲಚ್ ತಟ್ಟೆಗಳಿಲ್ಲ, ಕಂಪ್ಯೂಟರ್ ಇಲ್ಲ. ಬರೀ ಹಲ್ಲುಗಳು. ಆದರೆ ಹಲ್ಲುಗಳನ್ನು ತಿರುಪಿನ ಹಾಗೆ ಓರೆಯಾಗಿ ಕೊರೆದಿದ್ದಾರೆ. ಟೈರು ಬದಲಿಸುವಾಗ ಜಾಕ್ ನೋಡಿದ್ದೀರಲ್ಲ? ನೀವು ತಿರುಪು ತಿರುಗಿಸಿದರೆ ಕಾರು ಮೇಲೇಳುತ್ತದೆ, ಕಾರಿನ ಭಾರಕ್ಕೆ ತಿರುಪು ಹಿಂದಕ್ಕೆ ತಿರುಗುವುದಿಲ್ಲ. ಗಿಟಾರಿನ ಕೀಲಿಯಲ್ಲೂ ಇದೇ ಗುಟ್ಟು. ಕೀಲಿ ತಿರುಗಿಸಿದರೆ ತಂತಿ ಬಿಗಿಯಾಗುತ್ತದೆ, ತಂತಿ ಎಷ್ಟೇ ಎಳೆದರೂ ಕೀಲಿ ಅಲುಗುವುದಿಲ್ಲ. ಟಾರ್ಸೆನ್‌ನಲ್ಲಿ ಹೀಗೆ ಪೂರ್ತಿ ಬಿಗಿ ಹಿಡಿಯುವುದಿಲ್ಲ, ಅರೆಬರೆ ಹಿಡಿಯುತ್ತದೆ. ಇಂಜಿನ್ ಜೋರಾಗಿ ತಳ್ಳಿದಷ್ಟೂ ಓರೆ ಹಲ್ಲುಗಳು ಪಕ್ಕಕ್ಕೆ ಒತ್ತುತ್ತವೆ, ಒತ್ತಿದಷ್ಟೂ ಉಜ್ಜಾಟ ಜಾಸ್ತಿ, ಉಜ್ಜಾಟ ಜಾಸ್ತಿಯಾದಷ್ಟೂ ಒಂದು ಚಕ್ರ ಇನ್ನೊಂದನ್ನು ಬಿಟ್ಟು ಓಡುವುದು ಕಷ್ಟ. ಬಲ ಬೇಡದಿದ್ದಾಗ ಹಿಡಿತವೂ ಇಲ್ಲ, ಪಾರ್ಕಿಂಗ್‌ನಲ್ಲಿ ಸಲೀಸಾಗಿ ತಿರುಗುತ್ತದೆ.

ನೊಗದ ಭಾಷೆಯಲ್ಲೇ ಹೇಳಬೇಕೆಂದರೆ, ಇದು ಗಂಟು ತಾನಾಗಿಯೇ ಸರಿಯುವ ನೊಗ. ಒಂದು ಎತ್ತು ಸೋತಾಗ ಗಂಟು ಗಟ್ಟಿ ಎತ್ತಿನ ಕಡೆಗೆ ಸರಿದರೆ ಭಾರ ಅದರ ಮೇಲೆ ಹೆಚ್ಚು ಬೀಳುತ್ತದೆ. ಎಷ್ಟು ಸರಿಯಬಹುದು ಅನ್ನುವುದಕ್ಕೆ ಟಾರ್ಕ್ ಬಯಾಸ್ ಅನುಪಾತ ಅಂತ ಹೆಸರು. ಅದು 2.5 ಅಂತಿಟ್ಟುಕೊಳ್ಳಿ. ಒಳಗಿನ ಟೈರು 100 ನ್ಯೂಟನ್ ಮೀಟರ್ ಮಾತ್ರ ತಡೆಯಬಲ್ಲದು. ಓಪನ್ ಆದರೆ 100 ಮತ್ತು 100, ಒಟ್ಟು 200. ಟಾರ್ಸೆನ್ ಆದರೆ 100 ಮತ್ತು 250, ಒಟ್ಟು 350.

ಇಲ್ಲೇ ಅದರ ಕುಂದೂ ಕಾಣುತ್ತದೆ. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದರ ಪಾಲು ಸೊನ್ನೆ. ಸೊನ್ನೆಯನ್ನು 2.5ರಿಂದ ಗುಣಿಸಿದರೂ ಸೊನ್ನೆಯೇ. ಆಗ ಹ್ಯಾಂಡ್‌ಬ್ರೇಕ್ ಸ್ವಲ್ಪವೇ ಎಳೆದು ಹಿಡಿದರೆ, ಎದ್ದ ಚಕ್ರಕ್ಕೆ ತಡೆಯೋಕೆ ಏನೋ ಒಂದಿಷ್ಟು ಸಿಗುತ್ತದೆ, ಇನ್ನೊಂದು ಚಕ್ರಕ್ಕೆ ಅದರ ಎರಡೂವರೆ ಪಟ್ಟು ಹೋಗುತ್ತದೆ. ಪ್ರೀಲೋಡ್ (ಮೊದಲೇ ಕೊಟ್ಟಿರುವ ಒತ್ತಡ) ಇರುವ, ಕ್ಲಚ್ ತಟ್ಟೆಗಳ ಲಿಮಿಟೆಡ್ ಸ್ಲಿಪ್ ಮಾದರಿಗೆ ಈ ಉಪಾಯ ಬೇಕಿಲ್ಲ, ಅದರ ಸ್ಪ್ರಿಂಗ್ ತಟ್ಟೆಗಳನ್ನು ಯಾವಾಗಲೂ ಅಷ್ಟಿಷ್ಟು ಒತ್ತಿಯೇ ಇಟ್ಟಿರುತ್ತದೆ. ಅದಕ್ಕೇ ಬಿಗಿ ತಿರುವಿನಲ್ಲಿ ನಿಧಾನ ಹೋಗುವಾಗ ಹಿಂದಿನಿಂದ ಕಟಕಟ ಸದ್ದು.

ಡಿಫರೆನ್ಷಿಯಲ್ ಬದಲಿಸುವ ಕೆಲಸದ ಬಗ್ಗೆ ಎರಡು ಮಾತು. 1.6ರ ಕ್ರೌನ್ ಗೇರ್ (ಡಿಫರೆನ್ಷಿಯಲ್ ತಿರುಗಿಸುವ ದೊಡ್ಡ ಗೇರು) 6 ಇಂಚಿನದು, 1.8ರದ್ದು 7 ಇಂಚು. ಹಾಗಾಗಿ ಡಿಫರೆನ್ಷಿಯಲ್ ಒಂದೇ ತಂದರೆ ಕೂರುವುದಿಲ್ಲ. ಆಕ್ಸಲ್‌ಗಳು, ಪ್ರೊಪೆಲ್ಲರ್ ಶಾಫ್ಟ್ ಎಲ್ಲ 1.8ರದ್ದೇ ಬೇಕು. ಗೇರ್ ಅನುಪಾತವೂ 4.3ರಿಂದ 4.1ಕ್ಕೆ ಇಳಿಯುತ್ತದೆ. ಸ್ಪೀಡೋಮೀಟರ್ ಕೇಬಲ್ ಹೊರಡುವುದು ಗೇರ್‌ಬಾಕ್ಸ್‌ನಿಂದ, ಅದಕ್ಕೆ ಈ ಬದಲಾವಣೆ ತಿಳಿಯುವುದೇ ಇಲ್ಲ. ಮೊದಲು ಸರಿಯಾಗಿ ತೋರಿಸುತ್ತಿದ್ದರೆ, ಈಗ ಮುಳ್ಳು 100 ಅಂದಾಗ ನೀವು ಸುಮಾರು 105ರಲ್ಲಿರುತ್ತೀರಿ. ದಂಡ ಕಟ್ಟೋ ಮುಂಚೆ ಇದನ್ನು ಸರಿಪಡಿಸಿಕೊಳ್ಳಿ.

ಇನ್ನು ಓಡಿಸುವ ವಿಷಯ. "ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಹಾಕಿಸಿದರೆ ಕಾರು ಜಾರೋದಿಲ್ಲ, ಸೇಫ್" ಅನ್ನುವ ಮಾತು ಕೇಳಿದಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ. ಮುಂದೆ ತಳ್ಳೋಕೂ ಅದರಲ್ಲೇ ಖರ್ಚು, ಪಕ್ಕಕ್ಕೆ ಜಾರದಂತೆ ಹಿಡಿಯೋಕೂ ಅದರಲ್ಲೇ. ಓಪನ್ ಡಿಫರೆನ್ಷಿಯಲ್ ಇರುವ ಮಿಯಾಟಾದಲ್ಲಿ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ, ಭಾರ ಕಳೆದುಕೊಂಡ ಒಳಗಿನ ಟೈರು ತನ್ನ ಸಂಬಳವೆಲ್ಲ ಮುಗಿಸಿ ಗಿರ್ರನೆ ಸುತ್ತುತ್ತದೆ. ಹೊರಗಿನ ಟೈರಿನ ಹತ್ತಿರ ಇನ್ನೂ ದುಡ್ಡಿದೆ, ಅದು ಕಾರಿನ ಬಾಲವನ್ನು ಹಿಡಿದುಕೊಂಡಿರುತ್ತದೆ. ರಸ್ತೆ ಮೇಲೆ ಒಂದೇ ಕಪ್ಪು ಗೀಟು. ವೇಗ ಬರುವುದಿಲ್ಲ, ಆದರೆ ಅನಾಹುತವೂ ಇಲ್ಲ.

ಟಾರ್ಸೆನ್ ಹಾಕಿದ ಮೇಲೆ ಹೊರಗಿನ ಚಕ್ರ ಹೆಚ್ಚು ತಳ್ಳುತ್ತದೆ. ಆ ತಳ್ಳುವಿಕೆಯೇ ಕಾರಿನ ಮೂತಿಯನ್ನು ತಿರುವಿನ ಒಳಗೆ ತಿರುಗಿಸುತ್ತದೆ, ಒಂದು ಕಡೆಯ ಹುಟ್ಟು ಮಾತ್ರ ಜೋರಾಗಿ ಹಾಕಿದಾಗ ದೋಣಿ ತಿರುಗುತ್ತದಲ್ಲ, ಹಾಗೆ. ಮೊದಲು ಕಾಯುತ್ತಿದ್ದ ಜಾಗದಲ್ಲಿ ಈಗ ಧೈರ್ಯವಾಗಿ ಆಕ್ಸಿಲರೇಟರ್ ಒತ್ತಬಹುದು. ಆದರೆ ಅತಿಯಾಗಿ ಒತ್ತಿದರೆ ಎರಡೂ ಟೈರುಗಳ ಸಂಬಳ ಒಟ್ಟಿಗೆ ಮುಗಿಯುತ್ತದೆ. ಬಾಲ ಹಿಡಿಯುವವರು ಯಾರೂ ಉಳಿಯುವುದಿಲ್ಲ. ಎರಡು ಗೀಟು ಬೀಳುತ್ತವೆ, ಕಾರು ಅಡ್ಡ ತಿರುಗುತ್ತದೆ. ಮಳೆಯಲ್ಲಂತೂ ಇದಕ್ಕೆ ಹೆಚ್ಚು ಬಲವೇ ಬೇಕಿಲ್ಲ.

ಹಾಗಾಗಿ ಹೊಸ ಡಿಫರೆನ್ಷಿಯಲ್ ಹಾಕಿಸಿದವರು ಮೊದಲು ಯಾರೂ ಇಲ್ಲದ, ಅನುಮತಿ ಇರುವ ದೊಡ್ಡ ಮೈದಾನದಲ್ಲಿ ನೀರು ಚೆಲ್ಲಿ ನಿಧಾನವಾಗಿ ಅಭ್ಯಾಸ ಮಾಡಬೇಕು. ಬಾಲ ಹೊರಳಿದಾಗ ಗಾಬರಿಯಿಂದ ಕಾಲು ಪೂರ್ತಿ ಎತ್ತಬೇಡಿ. ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿ, ಆಕ್ಸಿಲರೇಟರ್ ಸ್ವಲ್ಪ ಮಾತ್ರ ಇಳಿಸಿ, ಕಾರು ನೆಟ್ಟಗಾಗುವ ಮೊದಲೇ ಸ್ಟೇರಿಂಗ್ ವಾಪಸ್ ತನ್ನಿ. ಇದು ಕೈಗೆ ಕೂರೋಕೆ ಒಂದು ಮಧ್ಯಾಹ್ನ ಸಾಲದು, ಎರಡು ಮೂರು ಸಲ ಹೋಗಿ.