ಹುಳು ಜ್ವರಕ್ಕೆ ಕೂತಾಗ ಡಬ್ಬಿಗೆ ಹೊಸ ಪ್ರೋಗ್ರಾಂ

ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಶಿಡ್ಲಘಟ್ಟದ ಹತ್ತಿರ ನಮ್ಮ ಮಾವನ ಹುಳು ಮನೆ. ಬೆಳಗ್ಗೆ ಆರಕ್ಕೇ ಫೋನ್ ಬಂತು. "ನಿನ್ನ ಡಬ್ಬಿ ಸುಮ್ನೆ ಮಂಜು ಬಿಡ್ತಾ ಇದೆ. ಹಾಸಿಗೆ ಒದ್ದೆ ಆಗ್ತಿದೆ. ಮೊದ್ಲು ನಿಲ್ಸು."

ತಪ್ಪು ನನ್ನದೇ. ಗೋಡೆಗೆ ಹಾಕಿರುವ ಆ ಡಬ್ಬಿಯಲ್ಲಿ ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರ್), ತೇವ ಅಳೆಯುವ ಸೆನ್ಸರ್, ಮಂಜು ಬಿಡುವ ಫಾಗರ್ ಹಚ್ಚುವ ರಿಲೇ ಸ್ವಿಚ್ಚು, ಬೆರಳಗಲದ ಒಂದು ಪರದೆ ಇವೆ. ತೇವ ಶೇ. 75ಕ್ಕಿಂತ ಇಳಿದರೆ ಫಾಗರ್ ಹಚ್ಚು ಅಂತ ಬರೆದಿದ್ದೆ. ಜ್ವರದ ವಿಷಯ ಮರೆತಿದ್ದೆ. ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಸುಮಾರು ಒಂದು ದಿನ ಅಲ್ಲಾಡದೆ ಕೂತಿರುತ್ತದೆ. ಆಗ ಹಾಸಿಗೆ ಒಣಗಿರಬೇಕು, ಅದಕ್ಕೇ ಸುಣ್ಣದ ಪುಡಿ ಉದುರಿಸುವುದು. ಮಾವ ಸುಣ್ಣ ಹಾಕಿದ್ದರು, ನನ್ನ ಡಬ್ಬಿ ಅದರ ಮೇಲೆ ನೀರು ಹಾಕುತ್ತಿತ್ತು.

ಫಾಗರ್ ಪ್ಲಗ್ ಕೀಳಿ ಅಂದೆ, ಕಿತ್ತರು. ಆದರೆ ಜ್ವರದಿಂದ ಎದ್ದ ಹುಳು ಐದನೇ ಹಂತಕ್ಕೆ ಬರುತ್ತದೆ. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ಶೇ. 80ಕ್ಕೂ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ಅಷ್ಟರೊಳಗೆ ಡಬ್ಬಿ ಸರಿಯಾಗಬೇಕು. ಒಳಗೆ ಹೋಗೋಣ ಅಂದರೆ ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು. ಲ್ಯಾಪ್‌ಟಾಪ್ ಅದ್ದೋಕಾಗುತ್ತಾ? ಹಾಗಾಗಿ ಮಾವನ ಮನೆ ಜಗಲಿ ಮೇಲೆ ಕೂತೆ. ಕಾಫಿ ಕುಡಿಯುತ್ತಾ ಎರಡು ಸಾಲು ತಿದ್ದಿದೆ. ವೈಫೈ ಮೂಲಕವೇ ಕಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಹೀಗೆ ಕಳಿಸುವುದಕ್ಕೆ ಓವರ್ ದ ಏರ್, ಚಿಕ್ಕದಾಗಿ ಓಟಿಎ ಅಂತಾರೆ. ಕೇಳಲು ಸುಲಭ. ಆದರೆ ಒಂದು ನಿಮಿಷ ಯೋಚಿಸಿ: ಹೊಸ ಪ್ರೋಗ್ರಾಮನ್ನು ವೈಫೈಯಿಂದ ತೆಗೆದುಕೊಂಡು ಫ್ಲ್ಯಾಶ್ ಮೆಮೊರಿಗೆ ಬರೆಯುತ್ತಿರುವುದು ಯಾರು? ಹಳೆಯ ಪ್ರೋಗ್ರಾಮೇ ಅಲ್ವಾ? ಅದು ಓಡುತ್ತಿರುವುದೂ ಅದೇ ಫ್ಲ್ಯಾಶ್‌ನಿಂದ. ತನ್ನ ಮೇಲೇ ಬರೆದುಕೊಂಡರೆ ಕೂತ ಕೊಂಬೆ ಕಡಿದ ಹಾಗೆ.

ಅಷ್ಟೂ ಬೇಡ, ಬದಲಾದ ಎರಡು ಸಾಲಷ್ಟೇ ತಿದ್ದಬಾರದೇ? ಫ್ಲ್ಯಾಶ್ ಅದಕ್ಕೆ ಒಪ್ಪುವುದಿಲ್ಲ. ಅದರಲ್ಲಿ ಬರೆಯುವುದು ಅಂದರೆ 1 ಇದ್ದದ್ದನ್ನು 0 ಮಾಡುವುದು. 0 ಆದದ್ದನ್ನು ಮತ್ತೆ 1 ಮಾಡಬೇಕಾದರೆ ಕನಿಷ್ಠ 4096 ಬೈಟ್‌ಗಳ ಒಂದು ಇಡೀ ತುಂಡನ್ನೇ ಒರೆಸಬೇಕು. ಒಂದಕ್ಷರ ತಪ್ಪಾದರೆ ಇಡೀ ಸ್ಲೇಟು ಒರೆಸುವ ಮಗುವಿನ ಕಥೆ. ಒರೆಸಿ ಬರೆಯುವ ಮಧ್ಯೆ ಕರೆಂಟ್ ಹೋದರೆ? ನಮ್ಮ ಕಡೆ ಅದು ಬರೀ ಕಲ್ಪನೆಯಲ್ಲ.

ಇದಕ್ಕೆ ಇಎಸ್‌ಪಿ32 ಕಂಡುಕೊಂಡ ದಾರಿ ಹುಳುವಿನದೇ. ಹುಳುವಿನ ಹೊಸ ಚರ್ಮ ಹಳೆಯದರ ಅಡಿಯಲ್ಲೇ ತಯಾರಾಗುತ್ತದೆ. ಅದು ಸಿದ್ಧವಾದ ಮೇಲೇ ಹಳೆಯದು ಕಳಚುವುದು. ಇಲ್ಲೂ ಹಾಗೇ. 4 ಎಂಬಿ ಫ್ಲ್ಯಾಶ್‌ನಲ್ಲಿ ಪ್ರೋಗ್ರಾಮಿಗೆ ಎರಡು ಕೋಣೆ. ಇಂಥ ಬೋರ್ಡಿಗೆ ಪ್ರೋಗ್ರಾಂ ಬರೆಯಲು ಬಳಸುವ ಆರ್ಡುಯಿನೋ ಮಾಮೂಲಿಯಾಗಿ ಮಾಡುವ ಹಂಚಿಕೆಯಲ್ಲಿ ಒಂದೊಂದಕ್ಕೆ 1.25 ಎಂಬಿ. ಒಂದರಲ್ಲಿ ಹಳೆಯದು ಓಡುತ್ತಿರುವಾಗ ಇನ್ನೊಂದರಲ್ಲಿ ಹೊಸದು ತುಂಬುತ್ತದೆ. ಪೂರ್ತಿ ಬಂತಾ, ಕೆಟ್ಟಿಲ್ಲ ತಾನೆ ಅಂತ ಲೆಕ್ಕ ಹಾಕಿ ನೋಡುತ್ತದೆ. ಎಲ್ಲ ಸರಿ ಇದ್ದರೆ ಕಡೆಗೆ 'ಇನ್ಮೇಲೆ ಆ ಕೋಣೆ' ಅನ್ನೋ ಒಂದು ಚೀಟಿ ಬರೆದು, ರೀಸ್ಟಾರ್ಟ್. ಅರ್ಧದಲ್ಲಿ ಕರೆಂಟ್ ಹೋದರೆ ಚೀಟಿ ಬದಲಾಗಿರುವುದಿಲ್ಲ, ಹಳೆಯದೇ ಏಳುತ್ತದೆ. ಆ ಚೀಟಿ ಬರೆಯುವಾಗಲೇ ಹೋದರೆ? ಅದಕ್ಕೂ ಯೋಚಿಸಿದ್ದಾರೆ. ಚೀಟಿಗೆ ಎರಡು ಜಾಗ, ಎರಡೂ 4096 ಬೈಟ್‌ನವು. ಒಂದು ಹಾಳಾದರೆ ಇನ್ನೊಂದನ್ನು ಓದುತ್ತದೆ. ಈ ಎರಡು ಚೀಟಿಯ ಉಪಾಯ ಮೊದಲು ತಿಳಿದಾಗ ನನಗೆ ಬೋರ್ಡಿನ ಮೇಲೆ ಗೌರವವೇ ಬಂತು.

ಅದಕ್ಕಿಂತ ಮುಂಚೆ ಬಂದ ಇಎಸ್‌ಪಿ8266 ಇಷ್ಟು ಹುಷಾರಿಲ್ಲ. ಹೊಸ ಪ್ರೋಗ್ರಾಮನ್ನು ಖಾಲಿ ಜಾಗದಲ್ಲಿ ಇಟ್ಟುಕೊಂಡು, ರೀಸ್ಟಾರ್ಟ್ ಆದಾಗ ಹಳೆಯದರ ಮೇಲೇ ನಕಲು ಮಾಡುತ್ತದೆ. ಆ ಕೆಲವು ಸೆಕೆಂಡಿನಲ್ಲಿ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಕೇಬಲ್ ಚುಚ್ಚಲೇಬೇಕು.

ನನ್ನ ಮೊದಲ ಡಬ್ಬಿಯಲ್ಲಿ ಇದ್ದದ್ದು ಅದೇ. ಆದರೆ ಅದು ಕೈಕೊಟ್ಟಿದ್ದಕ್ಕೆ ಕರೆಂಟ್ ಕಾರಣ ಅಲ್ಲ. ಒಂದು ರಾತ್ರಿ ಹೊಸದಾಗಿ ಬರೆದ ಪ್ರೋಗ್ರಾಂ ಕಳಿಸಿದೆ. ಚೆನ್ನಾಗಿ ಹೋಯಿತು, ಚೆನ್ನಾಗಿ ಓಡಿತು. ಮರುದಿನ ಇನ್ನೊಂದು ಕಳಿಸಲು ಹೋದರೆ ಡಬ್ಬಿಗೆ ಕಿವಿಯೇ ಇಲ್ಲ. ಆ ಪ್ರೋಗ್ರಾಮಿನಲ್ಲಿ ಓಟಿಎ ಸಾಲುಗಳನ್ನೇ ಹಾಕಿರಲಿಲ್ಲ! ವೈಫೈಯಿಂದ ತೆಗೆದುಕೊಳ್ಳುವ ಕೆಲಸ ಮಾಡುವುದೂ ಪ್ರೋಗ್ರಾಮಿನ ಒಂದು ಭಾಗವೇ. ಪ್ರತಿ ಸಲ ಅದು ಹೊಸದರ ಜೊತೆಗೇ ಹೋಗಬೇಕು. ಒಳಗೆ ಕೂತುಕೊಂಡು ಬಾಗಿಲಿಗೆ ಗೋಡೆ ಕಟ್ಟಿದ ಹಾಗಾಯಿತು. ಹುಳು ಹಣ್ಣಾಗಿ, ಚಂದ್ರಿಕೆ ಅನ್ನೋ ತಟ್ಟೆ ಮೇಲೆ ಗೂಡು ಕಟ್ಟಿ, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹೋಗುವವರೆಗೂ ಕಾದೆ. ಹವ್ಯಾಸಕ್ಕೆ ಬೋರ್ಡು ಹಿಡಿದವರಲ್ಲಿ ಹೀಗೆ ಒಮ್ಮೆಯಾದರೂ ಆಗದವರು ಕಮ್ಮಿ. ಓಟಿಎ ಸಾಲು ಇದ್ದೂ, ಪ್ರೋಗ್ರಾಂ ಬೇರೆಲ್ಲೋ ನಿಮಿಷಗಟ್ಟಲೆ ಕಾಯುತ್ತಾ ನಿಂತಿದ್ದರೂ ಅಷ್ಟೇ, ಕರೆದರೆ ಓಗೊಡುವುದಿಲ್ಲ. ಹಿಪ್ಪುನೇರಳೆ ತೋಟದಲ್ಲಿ ಬ್ಯಾಟರಿ ಉಳಿಸಲು ನಿದ್ದೆ ಮಾಡುವ ಸೆನ್ಸರ್ ಇಟ್ಟರಂತೂ ನಾವು ಕಳಿಸುವ ಮಾತೇ ಇಲ್ಲ. ಅದೇ ಎದ್ದಾಗ 'ಹೊಸದೇನಾದರೂ ಇದೆಯಾ' ಅಂತ ಕೇಳಿ ಇಳಿಸಿಕೊಳ್ಳಬೇಕು.

ಪಾಸ್‌ವರ್ಡ್ ಇಡದೆ ಓಟಿಎ ಹಾಕಬೇಡಿ. ಫೈಲು ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡುವ ಲೆಕ್ಕ, ಅದನ್ನು ಕಳಿಸಿದ್ದು ಯಾರು ಅಂತ ನೋಡುವುದಿಲ್ಲ. ಅದಕ್ಕೆ ಡಿಜಿಟಲ್ ಸಹಿ ಬೇಕು. ಆ ಸೌಲಭ್ಯವೂ ಇಎಸ್‌ಪಿ32ರಲ್ಲಿದೆ, ನಾನಿನ್ನೂ ಹಾಕಿಲ್ಲ.

ನಾನು ಹಾಕಿರುವುದು ಹಿಂದಕ್ಕೆ ಬರುವ ದಾರಿ, ರೋಲ್‌ಬ್ಯಾಕ್. ಎರಡು ಕೋಣೆಯಿಂದ ಸಿಗುವ ನಿಜವಾದ ಲಾಭ ಇದೇ ಅಂತ ನನಗನ್ನಿಸುತ್ತದೆ. ಹೊಸ ಪ್ರೋಗ್ರಾಂ ಮೊದಲ ಸಲ ಏಳುವಾಗ ಅದರ ಮೇಲೆ 'ಪರೀಕ್ಷೆ ಬಾಕಿ' ಅಂತ ಗುರುತು ಇರುತ್ತದೆ. 'ನಾನು ಸರಿ ಇದ್ದೇನೆ' ಅಂತ ಅದೇ ಹೇಳಬೇಕು. ಹೇಳುವ ಮುಂಚೆ ರೀಸ್ಟಾರ್ಟ್ ಆದರೆ ಬೋರ್ಡು ಎದ್ದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ, ಅಂದರೆ ಬೂಟ್‌ಲೋಡರ್, ಹಳೆಯ ಕೋಣೆಗೆ ತಿರುಗುತ್ತದೆ. ಆರ್ಡುಯಿನೋದಲ್ಲಿ ಬರೆಯುವವರು ಒಂದು ಗಮನಿಸಿ: ಸುಮ್ಮನೆ ಬಿಟ್ಟರೆ ಅದು ಎದ್ದ ತಕ್ಷಣ ತಾನೇ ಸರಿ ಅಂದುಬಿಡುತ್ತದೆ. ಪರೀಕ್ಷೆ ಬರೆಯದೆ ಪಾಸಾದ ಹಾಗೆ. ತಡೆಹಿಡಿ ಅಂತ ನಾವು ಹೇಳಬೇಕು. ನನ್ನ ಪರೀಕ್ಷೆ ಚಿಕ್ಕದು. ವೈಫೈ ಸಿಗಬೇಕು, ಸೆನ್ಸರ್ ಐದು ಸಲ ನಂಬುವಂಥ ಅಂಕಿ ಕೊಡಬೇಕು. ಐದು ನಿಮಿಷದಲ್ಲಿ ಆಗದಿದ್ದರೆ ರೀಸ್ಟಾರ್ಟ್.

ಮುಂದಿನ ಬೆಳೆಯಲ್ಲಿ ಒಂದು ರಾತ್ರಿ ನಿದ್ದೆಗಣ್ಣಲ್ಲಿ ಸೆನ್ಸರಿನ ಪಿನ್ ನಂಬರ್ ತಪ್ಪು ಬರೆದು ಕಳಿಸಿ ಮಲಗಿದ್ದೆ. ಬೆಳಗ್ಗೆ ಮಾವ ಕಾಲು ಅದ್ದಿಕೊಂಡು ಒಳಗೆ ಹೋಗಿ ಪರದೆಯ ಫೋಟೋ ಕಳಿಸಿದರು, ತೇವ ನೋಡು ಅಂತ. ತೇವ 76. ನಾನು ನೋಡಿದ್ದು ಮೂಲೆಯಲ್ಲಿದ್ದ ಪ್ರೋಗ್ರಾಮಿನ ಆವೃತ್ತಿ ನಂಬರ್. 14 ಅಂತ ಕಳಿಸಿದ್ದೆ, 13 ಅಂತ ಇತ್ತು.