ಗುರುತು ಹಾಕಲು ಕೆಳಗಿಳಿದ ಪೈಲಟ್ ಲಿಯೊನಾರ್ಡ್ ಚೆಶೈರ್

ಎರಡನೇ ಮಹಾಯುದ್ಧದಲ್ಲಿ ಗುರಿಯ ಮೇಲೆ ಬಾಂಬ್ ಹಾಕಿ ಬಂದೆವೆಂದು ವರದಿ ಕೊಟ್ಟ ಬ್ರಿಟಿಷ್ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಗುರಿಯ ಎಂಟು ಕಿಲೋಮೀಟರ್ ಒಳಗೆ ತಲುಪಿತ್ತು. 1941ರ ಆಗಸ್ಟ್‌ನಲ್ಲಿ ರಾತ್ರಿ ದಾಳಿಯ ಫೋಟೊಗಳನ್ನು ಪರಿಶೀಲಿಸಿದಾಗ ಹೊರಬಿದ್ದ ಲೆಕ್ಕವಿದು. ಬ್ರಿಟಿಷ್ ವಾಯುಪಡೆಯ ಬಾಂಬರ್ ಪೈಲಟ್ ಲಿಯೊನಾರ್ಡ್ ಚೆಶೈರ್ ಅವರ ಯುದ್ಧಜೀವನವನ್ನು ಈ ಲೆಕ್ಕ ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದ ಅವರು 1940ರಲ್ಲಿ ವಿಟ್ಲಿ ಎಂಬ ಬಾಂಬರ್ ವಿಮಾನ ಹಾರಿಸುತ್ತಿದ್ದರು. ಆ ನವೆಂಬರಿನಲ್ಲಿ ಜರ್ಮನಿಯ ಮೇಲೆ ಹಾರುವಾಗ ಗುಂಡು ಬಡಿದು ವಿಮಾನದ ಒಂದು ಪಕ್ಕವೇ ಹರಿದುಹೋಯಿತು. ಅದನ್ನೇ ಮನೆ ಮುಟ್ಟಿಸಿದರು. 1942ರಲ್ಲಿ 76ನೇ ಸ್ಕ್ವಾಡ್ರನ್ (ವಿಮಾನ ದಳ) ವಹಿಸಿಕೊಂಡಾಗ ಕಾಡಿದ್ದು ಅದರ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನ. ವೇಗ ತಗ್ಗಿ ವಿಮಾನ ಪಕ್ಕಕ್ಕೆ ಜಾರಿದರೆ ಬಾಲದಲ್ಲಿ ದಿಕ್ಕು ತಿರುಗಿಸುವ ರಡ್ಡರ್ ಒಂದೇ ಕಡೆ ಸಿಕ್ಕಿಕೊಳ್ಳುತ್ತಿತ್ತು. ಎಂಜಿನ್ ಕೈಕೊಟ್ಟ ವಿಮಾನ ಗಿರಕಿ ಹೊಡೆದು ಬೀಳುತ್ತಿತ್ತು. ಅದಕ್ಕೆ ಕೊನೆಗೆ ಪರಿಹಾರವಾದದ್ದು ಬಾಲದ ದೊಡ್ಡ ರೆಕ್ಕೆಗಳು. ಚೆಶೈರ್ ತಮ್ಮ ಕೈಲಾದದ್ದನ್ನು ಮಾಡಿದರು: ಮೂತಿಯ ಮತ್ತು ಬೆನ್ನಿನ ಗನ್ ಗೋಪುರಗಳನ್ನು ಬಿಚ್ಚಿಸಿ ಭಾರ ಇಳಿಸಿದರು.

1943ರ ಕೊನೆಗೆ, ಗ್ರೂಪ್ ಕ್ಯಾಪ್ಟನ್ ದರ್ಜೆಯಿಂದ ಒಂದು ಮೆಟ್ಟಿಲು ಕೆಳಗಿಳಿದು 617ನೇ ಸ್ಕ್ವಾಡ್ರನ್ ಸೇರಿದರು. ಡಿಸೆಂಬರಿನ ಒಂದು ದಾಳಿಯಲ್ಲಿ ಬಾಂಬುಗಳು, ಗುರಿ ತೋರಿಸಲು ಮೊದಲೇ ವಿಮಾನದಿಂದ ಬೀಳಿಸಿದ ಬಣ್ಣದ ಗುರುತುದೀಪಗಳ 100 ಗಜದೊಳಗೇ ಬಿದ್ದವು. ಆದರೆ ದೀಪಗಳೇ ಗುರಿಯಿಂದ 350 ಗಜ ಆಚೆ ಬಿದ್ದಿದ್ದವು. ಬಾಂಬಿಗೆ ಗುರಿ ಹಿಡಿಯುವ ಉಪಕರಣವಾದ ಬಾಂಬ್‌ಸೈಟ್ ಎಷ್ಟೇ ನಿಖರವಾಗಿರಲಿ, ಎತ್ತರದಿಂದ ಹಾಕಿದ ಗುರುತು ತಪ್ಪಿದರೆ ಎಲ್ಲವೂ ತಪ್ಪು. ಹಾಗಾಗಿ ತಾವೇ ಕೆಳಗೆ ಹಾರಿ ಗುರುತು ಹಾಕತೊಡಗಿದರು. 1944ರ ಫೆಬ್ರವರಿ 8ರಂದು ಫ್ರಾನ್ಸಿನ ಲಿಮೋಜ್‌ನ ವಿಮಾನ ಎಂಜಿನ್ ಕಾರ್ಖಾನೆಯ ಮೇಲೆ ಮೊದಲು ಮೂರು ಸಲ ತಗ್ಗಿನಲ್ಲಿ ಹಾರಿ, ಒಳಗಿದ್ದ ಫ್ರೆಂಚ್ ಕೆಲಸಗಾರರಿಗೆ ಓಡಿಹೋಗಲು ಅವಕಾಶ ಕೊಟ್ಟರು. ಆಮೇಲೆಯೇ ಗುರುತು ಬಿದ್ದದ್ದು. ಈ ಮೂರು ಸುತ್ತು ಅವರ ಪದಕಗಳಿಗಿಂತ ದೊಡ್ಡವು. ಏಪ್ರಿಲ್‌ನಲ್ಲಿ ಮ್ಯೂನಿಕ್ ಮೇಲೆ ಮಾಸ್ಕಿಟೊ ಎಂಬ ಹಗುರ ವಿಮಾನದಲ್ಲಿ ಸುಮಾರು 700 ಅಡಿಗೆ ಇಳಿದರು. 100 ದಾಳಿ ಹಾರಾಟ ಮುಗಿಸಿದ ಅವರಿಗೆ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು. ಅದು ಯಾವುದೋ ಒಂದು ರಾತ್ರಿಯ ಸಾಹಸಕ್ಕೆ ಕೊಟ್ಟದ್ದಲ್ಲ, ನಾಲ್ಕು ವರ್ಷದ ಧೈರ್ಯಕ್ಕೆ.

1945ರ ಆಗಸ್ಟ್ 9ರಂದು ನಾಗಸಾಕಿಯ ಅಣುಬಾಂಬ್ ಸ್ಫೋಟವನ್ನು ಬ್ರಿಟನ್ನಿನ ವೀಕ್ಷಕರಾಗಿ ದೂರದಿಂದ ಕಂಡರು. ಮರುವರ್ಷ ವಾಯುಪಡೆ ಬಿಟ್ಟರು. ಮಾಜಿ ಸೈನಿಕರಿಗಾಗಿ ಅವರು ಕಟ್ಟಿದ ಸಾಮೂಹಿಕ ಬದುಕಿನ ಪ್ರಯೋಗ ಸೋತಿತು. 1948ರಲ್ಲಿ, ಹೋಗಲು ಜಾಗವಿಲ್ಲದ ಕ್ಯಾನ್ಸರ್ ರೋಗಿ ಆರ್ಥರ್ ಡೈಕ್ಸ್‌ರನ್ನು ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಮನೆಗೆ ಕರೆತಂದು ಸಾಯುವ ತನಕ ತಾವೇ ಆರೈಕೆ ಮಾಡಿದರು. ಅಂಗವಿಕಲರನ್ನು ನೋಡಿಕೊಳ್ಳುವ ಚೆಶೈರ್ ಹೋಮ್‌ಗಳ ಬೇರು ಆ ಒಂದು ಹಾಸಿಗೆ. 1950ರ ದಶಕದಲ್ಲಿ ಅವು ಭಾರತಕ್ಕೂ ಬಂದವು; ಬೆಂಗಳೂರಿನಲ್ಲಿಯೂ ಒಂದಿದೆ. 1959ರಲ್ಲಿ ಮುಂಬೈಯಲ್ಲಿ ಬ್ರಿಟಿಷ್ ಸಮಾಜಸೇವಕಿ ಸ್ಯೂ ರೈಡರ್ ಅವರನ್ನು ಮದುವೆಯಾಗಿ, ಡೆಹ್ರಾಡೂನ್‌ನಲ್ಲಿ ರಫೇಲ್ ಎಂಬ ಆರೈಕೆ ಕೇಂದ್ರ ತೆರೆದರು. ಕೊನೆಯಲ್ಲಿ ಅವರ ಸ್ನಾಯುಗಳ ಬಲವನ್ನೇ ಮೋಟಾರ್ ನ್ಯೂರಾನ್ ಕಾಯಿಲೆ ಕಸಿಯಿತು. 1992ರ ಜುಲೈ 31ರಂದು ತೀರಿಕೊಂಡರು.