ಪದ ಪರಿಚಯ: ಸೇವೆ

ಹೋದ ವಾರ ಬಸ್ ಸ್ಟಾಪಿನ ಗೋಡೆ ಮೇಲೆ ಇನ್ನೊಂದು ಪೋಸ್ಟರ್ ನೋಡಿದೆ. ‘ಮೂರು ದಿನಗಳ ಮಹಾ ಸೇವೆ’ ಅಂತ ದೊಡ್ಡ ಅಕ್ಷರ. ಕೆಳಗೆ ಮೈಕ್ ಹಿಡಿದ ಮೂವರ ಫೋಟೊ, ಸಂಜೆ ಆರು ಗಂಟೆ, ಎಲ್ಲರಿಗೂ ಸ್ವಾಗತ. ಇದು ಸೇವೆ ಅಲ್ಲ, ಕೂಟ. ಯೇಸುವಿನ ಸಂದೇಶ ಸಾರುವ ಇಂಥ ಕೂಟಕ್ಕೆ ‘ಸುವಾರ್ತಾ ಕೂಟ’ ಅನ್ನುವ ಚೆಂದದ, ನೇರವಾದ ಹೆಸರು ನಮ್ಮ ಹಿರಿಯರ ಕಾಲದಿಂದ ಇದೆ. ಅದನ್ನು ಬಿಟ್ಟು ಇದನ್ನು ಯಾಕೆ ಎಳೆದು ತರಬೇಕು?

ಪೋಸ್ಟರ್ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ಕ್ರೈಸ್ತ ಸಭೆಗಳಲ್ಲಿ ಈಗ ‘ಯಾವ ಸೇವೆಯಲ್ಲಿ ಇದ್ದೀರಿ?’ ಅಂದರೆ ಎಲ್ಲಿ ಬೋಧಿಸುತ್ತೀರಿ ಅಂತ ಅರ್ಥ. ‘ಸೇವೆಗೆ ಕರೆ ಬಂತು’ ಅಂದರೆ ಪಾಸ್ಟರ್ ಆಗುತ್ತಾರೆ ಅಂತ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ನಿವೃತ್ತರಾದ ನರ್ಸ್ ಒಬ್ಬರು, ‘ನಾನೇನೂ ಸೇವೆ ಮಾಡಲಿಲ್ಲಪ್ಪ, ಕೆಲಸ ಮಾಡಿದೆ ಅಷ್ಟೇ’ ಅಂದರು. ಅವತ್ತೇ ಇದನ್ನು ಬರೆಯಬೇಕು ಅನ್ನಿಸಿತು.

ಪದದ ಮೂಲ ನೋಡಿ. ಸಂಸ್ಕೃತದ ‘ಸೇವ್’ ಧಾತುವಿಗೆ ಹತ್ತಿರ ಇರು, ನೆಲೆಸು, ಮತ್ತೆ ಮತ್ತೆ ಹೋಗಿಬರು ಅನ್ನುವ ಅರ್ಥಗಳಿವೆ. ಉಪಚಾರ ಮಾಡು ಅನ್ನುವುದೂ ಅದೇ ಸಾಲಿನಲ್ಲಿದೆ. ನಾವು ದಿನವೂ ಆಡುವ ‘ವಾಯುಸೇವನೆ’ಯಲ್ಲಿ ಈ ಹಳೇ ಅರ್ಥ ಇನ್ನೂ ಉಸಿರಾಡುತ್ತಿದೆ. ವಾಯುಸೇವನೆಗೆ ಹೋದಾಗ ನಾವು ಗಾಳಿಗೆ ಏನೂ ಉಪಕಾರ ಮಾಡುವುದಿಲ್ಲ. ಗಾಳಿ ಇರುವ ಕಡೆ ಹೋಗುತ್ತೇವೆ, ಅಲ್ಲಿ ಇರುತ್ತೇವೆ. ಔಷಧ ಸೇವನೆಯೂ ಹಾಗೇ, ಮೈಯೊಳಗೆ ತೆಗೆದುಕೊಳ್ಳುವುದು. ಅಂದರೆ ಕೊಡುವುದಕ್ಕಿಂತ ಮುಂಚೆ ಈ ಪದದಲ್ಲಿ ಹತ್ತಿರ ಹೋಗುವುದಿದೆ.

ಇದರ ಅಕ್ಕ ಅನ್ನಬಹುದಾದ ಇನ್ನೊಂದು ಪದ ‘ಶುಶ್ರೂಷೆ’. ರೋಗಿಯ ಶುಶ್ರೂಷೆ ಅಂತ ಬಳಸುತ್ತೇವೆ, ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಇದು ಹುಟ್ಟಿದ್ದು ‘ಶ್ರು’ ಧಾತುವಿನಿಂದ. ಶ್ರವಣ, ಶ್ರೋತೃ ಹುಟ್ಟಿದ್ದೂ ಅದರಿಂದಲೇ. ತಿಳಿಯುವ ಆಸೆ ಜಿಜ್ಞಾಸೆ, ಕುಡಿಯುವ ಆಸೆ ಪಿಪಾಸೆ. ಅದೇ ಅಚ್ಚಿನಲ್ಲಿ ಕೇಳಿಸಿಕೊಳ್ಳುವ ಆಸೆ ಶುಶ್ರೂಷೆ. ಹಾಸಿಗೆ ಹಿಡಿದವರ ಪಕ್ಕ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲಿ ನೋವು, ಎಷ್ಟು ಹೊತ್ತಿನಿಂದ, ನೀರು ಬೇಕಾ, ಕಿಟಕಿ ತೆಗೆಯಲಾ ಅಂತ ಕೇಳಿ, ಉತ್ತರಕ್ಕೆ ಕಾಯಬೇಕು. ಕಿವಿ ಕೊಡದೆ ಮಾಡಿದ್ದು ಶುಶ್ರೂಷೆ ಆಗುವುದೇ ಇಲ್ಲ.

ಇನ್ನು ಗ್ರೀಕ್. ಬೈಬಲಿನ ಹೊಸ ಒಡಂಬಡಿಕೆಯನ್ನು ಬರೆದದ್ದು ಆ ಭಾಷೆಯಲ್ಲಿ. ಅದರಲ್ಲಿ ನಾವು ಸೇವೆ ಅಂತ ಓದುವ ಜಾಗಗಳಲ್ಲಿ ಹೆಚ್ಚಾಗಿ ಇರುವುದು ‘ಡಿಯಾಕೊನಿಯಾ’. ಊಟದ ಮೇಜಿನ ಹತ್ತಿರ ನಿಂತು ಬಡಿಸುವುದಕ್ಕೂ ಅದೇ ಪದ. ಅದರಲ್ಲಿ ಮೊದಲ ಕ್ರೈಸ್ತ ಸಭೆಯ ಕಥೆ ಹೇಳುವ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 6ನೇ ಅಧ್ಯಾಯ ತೆಗೆಯಿರಿ. ‘ವಾಕ್ಯದ ಸೇವೆಯೇ, ಅಂದರೆ ಬೋಧನೆಯೇ ದೊಡ್ಡದು, ಊಟ ಬಡಿಸುವುದು ಆಮೇಲೆ’ ಅನ್ನುವವರು ಯಾವಾಗಲೂ ಅಲ್ಲಿನ 4ನೇ ವಚನ ತೋರಿಸುತ್ತಾರೆ. ಆದರೆ 1ನೇ ವಚನದಲ್ಲಿ ವಿಧವೆಯರಿಗೆ ದಿನವೂ ಹಂಚುತ್ತಿದ್ದುದಕ್ಕೂ 4ನೇ ವಚನದ ವಾಕ್ಯದ ಕೆಲಸಕ್ಕೂ ಇರುವುದು ಒಂದೇ ಪದ, ಡಿಯಾಕೊನಿಯಾ. ನಡುವೆ 2ನೇ ವಚನದಲ್ಲಿ ಮೇಜಿನ ಹತ್ತಿರ ಬಡಿಸುವುದು ಅಂದಾಗ ಅದರದೇ ಕ್ರಿಯಾಪದ. ಅಪೊಸ್ತಲರು ಕೆಲಸ ಹಂಚಿದರೇ ಹೊರತು ಒಂದಕ್ಕೆ ಸೇವೆ, ಇನ್ನೊಂದಕ್ಕೆ ಬೇರೆ ಹೆಸರು ಅಂತ ಆ ಪುಸ್ತಕದ ಲೇಖಕ ಲೂಕ ಬರೆಯಲಿಲ್ಲ.

ಅದೇ ಕಥೆಯಲ್ಲಿ ಜಾಸ್ತಿ ಜನ ಗಮನಿಸದ ಸಂಗತಿ ಇನ್ನೊಂದಿದೆ. ದೂರು ಬಂದದ್ದು ಗ್ರೀಕ್ ಮಾತಾಡುವ ಯೆಹೂದ್ಯರಿಂದ, ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದೀರಿ ಅಂತ. ಆಗ ಆರಿಸಿದ ಏಳು ಜನರ ಹೆಸರು ನೋಡಿ. ಸ್ತೆಫನ, ಫಿಲಿಪ್ಪ, ನಿಕನೋರ... ಏಳೂ ಗ್ರೀಕ್ ಹೆಸರುಗಳೇ. ದೂರು ಯಾವ ಕಡೆಯಿಂದ ಬಂತೋ ಆ ಕಡೆಯ ಭಾಷೆ, ಆ ಕಡೆಯ ಮನೆಗಳು ಗೊತ್ತಿದ್ದವರ ಕೈಗೆ ಕೆಲಸ ಕೊಟ್ಟರು ಅಂತಲೇ ನಾನು ಓದಿಕೊಳ್ಳುವುದು.

ಮಾರ್ಕ 10:45 ಎಲ್ಲರಿಗೂ ಬಾಯಿಪಾಠ, ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಮಾಡುವುದಕ್ಕೆ ಬಂದೆ ಅನ್ನುವ ಯೇಸುವಿನ ಮಾತು. ಇನ್ನು ಆರು ವಚನ ಮುಂದೆ ಓದಿ. ಯೆರಿಕೋವಿನ ದಾರಿಬದಿಯಲ್ಲಿ ಕುರುಡ ಬಾರ್ತಿಮಾಯ ಎದುರಿಗೆ ನಿಂತಿದ್ದಾನೆ. ಅವನಿಗೆ ಏನು ಬೇಕು ಅಂತ ಯಾರಿಗೆ ತಾನೇ ಗೊತ್ತಾಗುವುದಿಲ್ಲ? ಆದರೂ ಯೇಸು, ನಿನಗೆ ಏನು ಮಾಡಲಿ ಅಂತ ಅವನನ್ನೇ ಕೇಳುತ್ತಾನೆ.

ನಮ್ಮ ಕಡೆಯ ಚರಿತ್ರೆಯಲ್ಲೂ ಈ ಕೇಳಿಸಿಕೊಳ್ಳುವ ಬಗೆ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರಿಗೆ ಜಾತಿಯ ಕಸುಬೂ ಹೋಯಿತು, ನಿಲ್ಲಲು ನೆಲೆಯೂ ಹೋಯಿತು. ಹಾಗಾಗಿ ನೇಯ್ಗೆ ಬಂತು, 1865ರಲ್ಲಿ ಇಲ್ಲಿನ ಜೇಡಿಮಣ್ಣಿನಿಂದ ಹಂಚಿನ ಕಾರ್ಖಾನೆ ಬಂತು. ಕೆಲಸವೂ ಸಭೆಯೂ ಒಂದೇ ಕೈಯಲ್ಲಿ ಇದ್ದದ್ದು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಊಟ ಕೊಡುವವರ ಮುಂದೆ ಯಾರೂ ಬಿಡುಬೀಸಾಗಿ ಮಾತಾಡಲಾರರು. ಆದರೆ ಅದೇ ಮಿಷನ್‌ನ ಕಿಟ್ಟೆಲ್ 1853ರಲ್ಲಿ ಬಂದವರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಾಲ್ಕು ದಶಕ ಜನರ ಮಾತಿಗೆ, ಗಾದೆಗೆ, ಹಳೆಯ ಕಾವ್ಯಕ್ಕೆ ಕಿವಿ ಕೊಟ್ಟದ್ದನ್ನು ಶುಶ್ರೂಷೆ ಅನ್ನದೆ ಏನನ್ನಬೇಕು? ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದರು, 1890ರ ಹೊತ್ತಿಗೆ ಕುಷ್ಠರೋಗಿಗಳಿಗೂ ಜಾಗ ಮಾಡಿದರು. ಮನೆಯವರೇ ಹೊರಗೆ ಕಳಿಸಿದವರ ಹತ್ತಿರ ಹೋಗಿ ಇದ್ದರು.

ಈಗ ನಮ್ಮ ಗಲ್ಲಿಯ ವಿಷಯ. ಒಂದು ಸಭೆಯವರು ಮೂರು ವರ್ಷ ಬಿಡದೆ ಜೂನ್ ತಿಂಗಳಲ್ಲಿ ನೋಟ್‌ಬುಕ್ ಹಂಚಿದರು. ಫೋಟೊ ತೆಗೆದರು, ಜೊತೆಗೊಂದು ಕರಪತ್ರ ಕೊಟ್ಟು ಹೋದರು. ಮಕ್ಕಳ ಮನೆಯಲ್ಲಿ ನೋಟ್‌ಬುಕ್ ರಾಶಿ ಬಿದ್ದಿತ್ತು. ನಮ್ಮ ಸಭೆಯ ಒಬ್ಬ ಆಂಟಿ ಕೊಳಾಯಿ ಹತ್ತಿರ ಬಿಂದಿಗೆ ಸಾಲಿನಲ್ಲಿ ನಿಂತು ದಿನಾ ಮಾತಾಡುತ್ತಿದ್ದರು, ಬೇರೆ ಉದ್ದೇಶ ಏನೂ ಇರಲಿಲ್ಲ, ಅವರ ಮನೆಗೂ ನೀರು ಅಲ್ಲಿಂದಲೇ. ಅಲ್ಲಿ ಅವರಿಗೆ ಗೊತ್ತಾಗಿದ್ದು ಇಷ್ಟು. ತಾಯಂದಿರು ಗಾರ್ಮೆಂಟ್ಸ್‌ನಿಂದ ಮನೆ ಸೇರುವುದು ಏಳೂವರೆಗೆ, ಅಲ್ಲಿಯವರೆಗೆ ಹೆಣ್ಣುಮಕ್ಕಳು ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಕೂತಿರುತ್ತಾರೆ. ಚರ್ಚಿನ ಪಕ್ಕದ ಕೋಣೆಯ ಬೀಗದ ಕೈಯನ್ನು ಪಾಸ್ಟರ್ ಅಯ್ಯನವರ ಹತ್ತಿರ ಕೇಳಿ ಪಡೆದರು. ಐದರಿಂದ ಎಂಟರವರೆಗೆ ಒಂದು ಟ್ಯೂಬ್‌ಲೈಟ್, ಎರಡು ಚಾಪೆ, ಒಂದು ಡಬ್ಬಿ ಬಿಸ್ಕತ್ತು.

ಹಾಗಾದರೆ ಸುವಾರ್ತೆ ಹೇಳಬಾರದಾ ಅಂತ ಕೇಳುತ್ತೀರಿ. ಹೇಳಿ, ಅದರ ಹೆಸರಿನಲ್ಲೇ ಹೇಳಿ. ಅಕ್ಕಿ ಚೀಲದ ಅಡಿಯಲ್ಲಿ ಇಟ್ಟು ಕೊಡಬೇಡಿ. ಲೂಕ 17ರಲ್ಲಿ ಹತ್ತು ಕುಷ್ಠರೋಗಿಗಳು ಗುಣವಾದರು, ತಿರುಗಿ ಬಂದವನು ಒಬ್ಬ. ಮಿಕ್ಕ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದ, ಹೌದು. ಅವರಿಗೆ ರೋಗ ಮರಳಿ ಬಂತು ಅಂತ ಎಲ್ಲೂ ಬರೆದಿಲ್ಲ.

ಒಂದು ಸಂಜೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಹೋಗಲು ಬಂದವರು ಚಪ್ಪಲಿ ಬಿಡುತ್ತಾ, ‘ಯಾಕಮ್ಮಾ ನೀವು ಇದೆಲ್ಲ ಮಾಡ್ತೀರಿ?’ ಅಂತ ಕೇಳಿದರು. ಆಂಟಿ ಹೇಳಿದರು, ಯೇಸುವಿನ ಹೆಸರೆತ್ತಿಯೇ ಹೇಳಿದರು, ಹತ್ತು ನಿಮಿಷ. ಆ ತಾಯಿ ಕೂತು ಕೇಳಿಸಿಕೊಂಡರು. ಮರುದಿನ ಮಗಳನ್ನು ಎಂದಿನ ಹಾಗೆ ಕಳಿಸಿದರು. ಈಗಲೂ ಏಳೂವರೆಗೆ ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಾಗಿಲಿಗೆ ಬರುತ್ತಾರೆ, ಐದು ನಿಮಿಷ ಕೂತು ಹೋಗುತ್ತಾರೆ.